ಒಸಾಕಾಗೆ ಹೊರಡುವ ಮೊದಲು ಯಾವ ಯಾಕುಜಾ ಸಿನಿಮಾ ನೋಡಬೇಕು?

ಜಪಾನಿನವರು 'ಮರ್ಯಾದೆಗಾಗಿ ಬದುಕುವ ಜನ', ಅವರನ್ನು ತಿಳಿಯೋಕೆ ಯಾಕುಜಾಗಳ (ಅಲ್ಲಿನ ಸಂಘಟಿತ ಗ್ಯಾಂಗ್‌ಗಳ) ಸಿನಿಮಾ ನೋಡಿಯೇ ಒಸಾಕಾಗೆ ಹೊರಡ್ತೀನಿ, 'ದಿ ಯಾಕುಜಾ' ನೋಡಲೋ 'ಬ್ಲ್ಯಾಕ್ ರೇನ್' ನೋಡಲೋ ಅಂತ ನೀವು ಬರೆದಿದ್ದೀರಿ. ನಾನೂ ಇದನ್ನೇ ಮಾಡಿದ್ದೆ. 2012ರಲ್ಲಿ ಒಸಾಕಾದಲ್ಲಿ ಕೆಲಸ ಸಿಕ್ಕಿತ್ತು. ಜಪಾನಿನವರ ಮಾನ ಮರ್ಯಾದೆಯ ಲೆಕ್ಕ ತಿಳಿದುಕೊಂಡೇ ಹೋಗೋಣ ಅಂತ 'ದಿ ಯಾಕುಜಾ', 'ಬ್ಲ್ಯಾಕ್ ರೇನ್' ಎರಡನ್ನೂ ಒಂದೇ ವಾರದಲ್ಲಿ ನೋಡಿ ಮುಗಿಸಿದೆ. 'ದಿ ಯಾಕುಜಾ' ನೋಡಿ. ಆದರೆ ಜಪಾನಿನವರು ಎಂಥವರು ಅಂತ ತಿಳಿಯೋಕೆ ನೋಡಬೇಡಿ. ನಾನು ಕೆಟ್ಟಿದ್ದು ಹಾಗೆ ನೋಡಿದ್ದರಿಂದಲೇ.

ಕಥೆ ಹೇಳದೆ ನನ್ನ ವಿಷಯ ಹೇಳೋಕಾಗಲ್ಲ, ಕ್ಷಮಿಸಿ. 1974ರ ಸಿನಿಮಾ, ಸಿಡ್ನಿ ಪೊಲಾಕ್ ನಿರ್ದೇಶನ. ರಾಬರ್ಟ್ ಮಿಚಮ್ ಇದರಲ್ಲಿ ಹ್ಯಾರಿ ಕಿಲ್ಮರ್ ಅನ್ನುವ ಅಮೆರಿಕನ್. ಯುದ್ಧ ಮುಗಿದು ಅಮೆರಿಕದ ಸೈನ್ಯ ಜಪಾನಿನಲ್ಲಿ ಬೀಡುಬಿಟ್ಟಿದ್ದಾಗ ಇವನು ಏಕೊ ಅನ್ನುವ ಹೆಂಗಸನ್ನೂ ಅವಳ ಮಗುವನ್ನೂ ಕಾಪಾಡಿರುತ್ತಾನೆ. ಅವಳ ಅಣ್ಣ ಕೆನ್ ಯುದ್ಧದಿಂದ ಎಷ್ಟೋ ವರ್ಷ ತಡವಾಗಿ ಮನೆಗೆ ಬರುತ್ತಾನೆ. ಬಂದು ನೋಡಿದರೆ ಮನೆಯವರು ಬದುಕಿ ಉಳಿದಿರುವುದು ಶತ್ರುವಿನ ಕೈಯಿಂದ. ಈ ಪಾತ್ರ ಮಾಡಿದವರು ಕೆನ್ ತಕಾಕುರಾ. ಅವರ ಮುಖ ನೋಡುವುದಕ್ಕಾದರೂ ಸಿನಿಮಾ ನೋಡಬೇಕು.

ಎಷ್ಟೋ ಕಾಲದ ಮೇಲೆ ಕಿಲ್ಮರನ ಗೆಳೆಯನ ಮಗಳನ್ನು ಯಾಕುಜಾಗಳು ಎತ್ತಿಕೊಂಡು ಹೋಗುತ್ತಾರೆ. ಕಿಲ್ಮರ್ ಬಂದು ಕೆನ್ ಮುಂದೆ ನಿಲ್ಲುತ್ತಾನೆ. ಕೆನ್ ಕೂಡ ಹಿಂದೆ ಯಾಕುಜಾ, ಈಗ ಆ ಲೋಕ ಬಿಟ್ಟು ಕ್ಯೋಟೊದಲ್ಲಿ ಕೆಂಡೊ ಅನ್ನುವ ಕತ್ತಿವರಸೆ ಹೇಳಿಕೊಡುತ್ತಿರುತ್ತಾನೆ. ಆದರೂ ಹೊರಡುತ್ತಾನೆ. ಯಾಕೆ? 'ಗಿರಿ', ಇದು ಜಪಾನಿ ಪದ. ಸಿನಿಮಾದ ಜೀವ ಇರುವುದು ಈ ಒಂದು ಪದದಲ್ಲಿ. ಕಿಲ್ಮರ್ ಜೊತೆ ಬಂದ ಡಸ್ಟಿ ಅನ್ನುವ ಅಮೆರಿಕನ್ ಹುಡುಗ ಅದನ್ನು ಕರ್ತವ್ಯ ಅಂದುಕೊಂಡಿರುತ್ತಾನೆ. ಕೆನ್ ಅದು ಭಾರ ಅನ್ನುತ್ತಾನೆ.

ನಾನು ಇದನ್ನು ಸಾಲ ಅಂತ ಓದಿಕೊಂಡೆ. ಕೊಟ್ಟದ್ದನ್ನು ವಾಪಸ್ ಕೊಡುವ ಜನ, ಮಾತಿಗೆ ತಪ್ಪದ ಜನ, ಎಷ್ಟು ಒಳ್ಳೆಯದು ಅಂತ ಅಂದುಕೊಂಡು ವಿಮಾನ ಹತ್ತಿದೆ.

ಒಸಾಕಾದಲ್ಲಿ ಬಾಡಿಗೆ ಮನೆ ಹಿಡಿಯೋಕೆ ಜಾಮೀನುದಾರರು ಬೇಕಿತ್ತು. ನಮ್ಮ ವಿಭಾಗದ ಹಿರಿಯರೊಬ್ಬರು ಕೇಳುವ ಮೊದಲೇ 'ನಾನು ನಿಲ್ಲುತ್ತೇನೆ' ಅಂದರು. ಅದು ಸುಮ್ನೆ ಸಹಿ ಹಾಕುವ ಕೆಲಸ ಅಲ್ಲ. ಅವರು ತಮ್ಮ ನೋಂದಾಯಿತ ಮುದ್ರೆ ತಂದರು, ಅದು ತಮ್ಮದೇ ಅನ್ನೋ ಪ್ರಮಾಣಪತ್ರವನ್ನು ವಾರ್ಡ್ ಕಚೇರಿಯಿಂದ ತಂದರು. ಕರಾರಿನಲ್ಲಿ ನಾನು ಯಾವ ಯಾಕುಜಾ ಗುಂಪಿಗೂ ಸೇರಿದವನಲ್ಲ ಅನ್ನುವ ಷರತ್ತೂ ಇತ್ತು. ನಿಮ್ಮ ಕರಾರಿನಲ್ಲೂ ಇರಬಹುದು, ಗಾಬರಿಯಾಗಬೇಡಿ. 2011ರ ಹೊತ್ತಿಗೆ ಎಲ್ಲ ಪ್ರಾಂತ್ಯಗಳೂ ಇವರ ಜೊತೆ ವ್ಯವಹಾರ ಮಾಡದಂತೆ ನಿಯಮ ತಂದಿದ್ದವು. ಮನೆ ಸಿಗಲ್ಲ, ಬ್ಯಾಂಕ್ ಖಾತೆ ಸಿಗಲ್ಲ.

ಆ ಸಂಜೆ ಅವರೇ ಯಾಕುಜಾ ಪದದ ಅರ್ಥ ಬಿಡಿಸಿ ಹೇಳಿದರು. ಯಾ ಅಂದರೆ 8, ಕು ಅಂದರೆ 9, ಜಾ ಅಂದರೆ 3. ಒಂದು ಹಳೇ ಎಲೆಯಾಟದಲ್ಲಿ ಈ ಮೂರು ಬಂದರೆ ಮೊತ್ತ 20, ಕೊನೆಯ ಅಂಕಿ ಸೊನ್ನೆ, ಆಟ ಸೋತಂತೆ. ಕೆಲಸಕ್ಕೆ ಬಾರದ ಕೈ ಅಂತ ಅರ್ಥ. ಇದನ್ನೆಲ್ಲ ಅವರು ನನ್ನ ಜೊತೆ ಒಸಾಕಾದ ಆಡುಮಾತಿನಲ್ಲೇ ಹೇಳುತ್ತಿದ್ದರು. ಮನೆ ಹುಡುಗನ ಜೊತೆ ಮಾತಾಡಿದ ಹಾಗೆ.

ಈಗ ನನ್ನ ತಪ್ಪು. 2014ರ ಫೆಬ್ರವರಿಯಲ್ಲಿ ಸಾಗರದಿಂದ ಫೋನ್ ಬಂತು. ಅಪ್ಪನಿಗೆ ಲಕ್ವ ಹೊಡೆದಿತ್ತು. ಎರಡು ದಿನದಲ್ಲಿ ಊರಿಗೆ ಬಂದೆ. ಹದಿನೈದು ದಿನದಲ್ಲಿ ವಾಪಸ್ ಹೋಗ್ತೀನಿ ಅಂದುಕೊಂಡಿದ್ದೆ, ಆಗಲಿಲ್ಲ. ಈಮೇಲ್‌ನಲ್ಲೇ ಕೆಲಸ ಬಿಟ್ಟೆ. ಮನೆ ಬಿಡೋಕೆ ಒಂದು ತಿಂಗಳ ಮೊದಲೇ ತಿಳಿಸಬೇಕಿತ್ತು, ತಿಳಿಸಲಿಲ್ಲ. ಖಾತೆಯಲ್ಲಿ ದುಡ್ಡಿಲ್ಲದೆ ಬಾಡಿಗೆ ಕಡಿತ ಆಗಲಿಲ್ಲ. ಏಜೆಂಟ್ ನನಗೆ ಬರೆದದ್ದನ್ನು ನಾನು ಆಸ್ಪತ್ರೆಯ ಓಡಾಟದಲ್ಲಿ ತೆರೆದೇ ನೋಡಲಿಲ್ಲ. ಆಮೇಲೆ ಅವರು ಆ ಹಿರಿಯರಿಗೆ ಫೋನ್ ಮಾಡಿದರು. ಮೂರು ತಿಂಗಳ ಬಾಡಿಗೆ, ಮನೆ ಸ್ವಚ್ಛ ಮಾಡಿದ ಖರ್ಚು, ಎಲ್ಲ ಸೇರಿ 2,21,000 ಯೆನ್. ಅವರು ಕಟ್ಟಿದರು. ನನಗೆ ಒಂದು ಮಾತೂ ಹೇಳಲಿಲ್ಲ. ಇನ್ನೊಬ್ಬ ಸಹೋದ್ಯೋಗಿಯಿಂದ ವಿಷಯ ತಿಳಿಯಿತು.

ಬಾಡಿಗೆ ತಪ್ಪಿದ್ದೇ ತಪ್ಪು ಅಂತ ನೀವು ಅಂದುಕೊಳ್ಳಬಹುದು. ಅದಲ್ಲ. ಅಂಥ ಹೊತ್ತಲ್ಲಿ ಬಾಡಿಗೆ ಯಾರಿಗಾದರೂ ತಪ್ಪುತ್ತೆ. ನಾನು ತಪ್ಪಿದ್ದು ವಿಷಯ ತಿಳಿದ ಮೇಲೆ. ಅವತ್ತೇ ದುಡ್ಡು ಕಳಿಸಿದೆ. 2,31,000 ಕಳಿಸಿದೆ. ತೊಂದರೆ ಕೊಟ್ಟಿದ್ದಕ್ಕೆ ಅಂತ ಹತ್ತು ಸಾವಿರ ಜಾಸ್ತಿ. ಜೊತೆಗೆ ನಾಲ್ಕು ಸಾಲಿನ ಈಮೇಲ್. ಫೋನ್ ಮಾಡಲಿಲ್ಲ. ನಾಚಿಕೆ ಆಗಿತ್ತು. ದುಡ್ಡು ಹೋಯಿತಲ್ಲ, ಇನ್ನು ಮಾತಾಡೋದು ಏನಿದೆ ಅಂತ ನನಗೆ ನಾನೇ ಹೇಳಿಕೊಂಡೆ. ಆ ಹತ್ತು ಸಾವಿರ ಇದೆಯಲ್ಲ, ಅದೇ ಎಲ್ಲಕ್ಕಿಂತ ಕೆಟ್ಟದ್ದು. ಒಬ್ಬ ಮನುಷ್ಯ ತನ್ನ ಹೆಸರನ್ನು ನನ್ನ ಹೆಸರಿನ ಪಕ್ಕ ಒತ್ತಿದ್ದ. ಅದಕ್ಕೆ ನಾನು ಬಡ್ಡಿ ಕಟ್ಟಿದೆ. ನಿಮ್ಮ ಹಂಗು ನನಗೆ ಬೇಡ, ಲೆಕ್ಕ ಚುಕ್ತಾ ಅಂದ ಹಾಗಾಯಿತು. ಅವರು ಹತ್ತು ಸಾವಿರವನ್ನು ಲಕೋಟೆಯಲ್ಲಿ ಹಾಕಿ, ಬೆಂಗಳೂರಿಗೆ ಬರುತ್ತಿದ್ದವರ ಕೈಯಲ್ಲಿ ವಾಪಸ್ ಕಳಿಸಿದರು. ಈಮೇಲ್‌ಗೆ ಉತ್ತರವನ್ನೂ ಬರೆದರು. ಗ್ರಾಹಕರಿಗೆ ಬರೆಯುವಂಥ ಶುದ್ಧ, ಗೌರವದ ಜಪಾನಿ. ಒಸಾಕಾ ಮಾತಿನ ಒಂದು ಪದವೂ ಅದರಲ್ಲಿ ಇರಲಿಲ್ಲ. ಮುಂದಿನ ಜನವರಿಯಲ್ಲಿ ಹೊಸ ವರ್ಷದ ಕಾರ್ಡ್ ಬರಲಿಲ್ಲ.

ಆ ಚಳಿಗಾಲದಲ್ಲಿ 'ದಿ ಯಾಕುಜಾ' ಮತ್ತೆ ನೋಡಿದೆ. ಕಿಲ್ಮರ್ ಕೇಳಿದ ಒಂದು ಸಹಾಯದಿಂದ ಕೆನ್ ಮನೆ ಹಾಳಾಗುತ್ತದೆ. ಏಕೊ ಅವನ ತಂಗಿಯಲ್ಲ, ಹೆಂಡತಿ. ಈ ಜಗಳದಲ್ಲಿ ಸತ್ತ ಏಕೊಳ ಮಗಳು ಅವನದೇ ಮಗಳು. ಕಿಲ್ಮರ್‌ಗೆ ಇದು ತಿಳಿಯುವ ಹೊತ್ತಿಗೆ ಕಾಲ ಮೀರಿರುತ್ತದೆ. ಶತ್ರುಗಳ ಲೆಕ್ಕ ಮುಗಿದಿದೆ, ಅವನು ಸುಮ್ನೆ ಊರಿಗೆ ಹೋಗಬಹುದಿತ್ತು. ಹೋಗುವ ಮೊದಲು ಕೆನ್ ಮನೆಗೆ ಬರುತ್ತಾನೆ. ಯಾಕುಜಾಗಳು ಕ್ಷಮೆ ಕೇಳುವ ರೀತಿಯಲ್ಲಿ ತನ್ನ ಕಿರುಬೆರಳು ಕತ್ತರಿಸಿ, ಬಟ್ಟೆಯಲ್ಲಿ ಸುತ್ತಿ, ಅವನ ಮುಂದಿಡುತ್ತಾನೆ. ಮೊದಲ ಸಲ ನನಗೆ ಅಲ್ಲಿ ರಕ್ತ ಮಾತ್ರ ಕಂಡಿತ್ತು. ಕತ್ತಿ ಹಿಡಿಯುವ ಬಿಗಿ ಕಿರುಬೆರಳಲ್ಲಿದೆ, ಅದು ಹೋದರೆ ಯಜಮಾನನ ಆಸರೆ ಬೇಕಾಗುತ್ತದೆ ಅಂತೆಲ್ಲ ಗೆಳೆಯರಿಗೆ ವಿವರಿಸಿದ್ದೆ. ಎರಡನೇ ಸಲ ಕಂಡದ್ದು ಬೆರಳಲ್ಲ. ಅವನು ಆ ಮನೆಗೆ ಹೋದ.

ಆದ್ದರಿಂದ ನೀವು ಬರೆದ 'ಮರ್ಯಾದೆಗಾಗಿ ಬದುಕುವ ಜನ' ಅನ್ನೋದನ್ನು ನಾನು ಒಪ್ಪಲ್ಲ. ಜಪಾನಿನವರೇ ಒಪ್ಪಲಿಲ್ಲ. ಈ ಸಿನಿಮಾಕ್ಕೆ ಒಂದು ವರ್ಷ ಮೊದಲೇ, 1973ರಲ್ಲಿ, ಕಿಂಜಿ ಫುಕಸಾಕು ಹಿರೋಶಿಮಾ ಕಡೆಯ ಗ್ಯಾಂಗ್‌ಗಳ ಮೇಲೆ ಮಾಡಿದ ಸಿನಿಮಾದ ಹೆಸರಲ್ಲೇ ಮರ್ಯಾದೆಯೂ ಇಲ್ಲ, ಮನುಷ್ಯತ್ವವೂ ಇಲ್ಲ ಅಂತಿದೆ. ಅದರಲ್ಲಿ ಯಜಮಾನರೆಲ್ಲ ಹೇಡಿಗಳು. 1963ರಲ್ಲಿ ಸುಮಾರು 1,84,000 ಯಾಕುಜಾಗಳಿದ್ದರು, ಈಗ 20,000ಕ್ಕೂ ಕಡಿಮೆ. ನೀವು ಅಲ್ಲಿ ಇರುವಷ್ಟು ದಿನವೂ ಒಬ್ಬರನ್ನೂ ನೋಡಲಿಕ್ಕಿಲ್ಲ. ನಿಮಗೆ ಎದುರಾಗುವುದು ಗಿರಿ. ಅದಕ್ಕೆ ನಮ್ಮಲ್ಲಿ ಹತ್ತಿರದ ಪದ ಹಂಗು. ಹಂಗಿನ ಅರಮನೆಗಿಂತ ಗುಡಿಸಲು ಲೇಸು ಅಂತ ಕೇಳಿ ಬೆಳೆದವರು ನಾವು, ಹಂಗು ಬಂದ ಕೂಡಲೇ ತೀರಿಸಿ ಕೈತೊಳೆದುಕೊಳ್ಳೋಕೆ ನೋಡ್ತೀವಿ. ಅಲ್ಲಿ ಅದನ್ನು ಹೊತ್ತುಕೊಂಡೇ ಬದುಕುತ್ತಾರೆ. ಹೊತ್ತುಕೊಂಡಿದ್ದರೇ ಸಂಬಂಧ.

'ಬ್ಲ್ಯಾಕ್ ರೇನ್' 1989ರದ್ದು, ರಿಡ್ಲಿ ಸ್ಕಾಟ್ ನಿರ್ದೇಶನ. ಒಸಾಕಾದ ದೀಪಗಳು ಚೆನ್ನಾಗಿವೆ, ತಕಾಕುರಾ ಅದರಲ್ಲೂ ಇದ್ದಾರೆ. ಬಿಡುವಿದ್ದರೆ ನೋಡಿ.

2018ರಲ್ಲಿ ಕೆಲಸದ ಮೇಲೆ ಒಸಾಕಾಗೆ ಹೋದಾಗ ಆ ಹಿರಿಯರ ಮನೆಗೆ ಹೋದೆ. ಮೈಸೂರು ಪಾಕಿನ ಡಬ್ಬ ಎರಡೂ ಕೈಯಿಂದ ಕೊಟ್ಟು, ತಲೆ ಬಗ್ಗಿಸಿ ಕ್ಷಮೆ ಕೇಳಿದೆ. ಚಹಾ ಕೊಟ್ಟರು, ಅಪ್ಪನ ಬಗ್ಗೆ ಕೇಳಿದರು. ಹೋಗಿಬಿಟ್ಟರು ಅಂದೆ. ಎರಡೂ ಕೈ ಜೋಡಿಸಿದರು. ಆದರೆ ಒಂದು ಗಂಟೆಯೂ ಆ ಶುದ್ಧ ಜಪಾನಿಯಲ್ಲೇ ಮಾತಾಡಿದರು. ನಾಲ್ಕು ವರ್ಷ ತಡವಾಗಿತ್ತು.

ನಿಮ್ಮ ಮನೆ ಕರಾರಿಗೆ ಜಾಮೀನು ಯಾರು ನಿಲ್ಲುತ್ತಾರೆ ಅಂತ ನೀವು ಬರೆದಿಲ್ಲ. ಈಗ ದುಡ್ಡು ತೆಗೆದುಕೊಂಡು ಜಾಮೀನು ನಿಲ್ಲುವ ಕಂಪನಿಗಳಿವೆ, ಅದಾದರೆ ಚಿಂತೆಯಿಲ್ಲ. ಒಬ್ಬ ಮನುಷ್ಯ ಅಂತಾದರೆ, ಅವರ ಮನೆಯ ವಿಳಾಸವನ್ನು ಅಲ್ಲಿಗೆ ಹೋದ ಮೊದಲ ವಾರದಲ್ಲೇ ಬರೆದಿಟ್ಟುಕೊಳ್ಳಿ.