ಹೊಟ್ಟೆ ಕರಗಿಸುವ ಯಂತ್ರ ಕೊಳ್ಳಬೇಕೆ?

ಪ್ರಶ್ನೆ: ನಾನು 44 ವರ್ಷದ ಬ್ಯಾಂಕ್ ಉದ್ಯೋಗಿ. ಎತ್ತರ 168 ಸೆಂ.ಮೀ., ತೂಕ 78 ಕೆ.ಜಿ., ಹೊಟ್ಟೆಯ ಸುತ್ತಳತೆ 98 ಸೆಂ.ಮೀ. ಕೈಕಾಲು ಸಣ್ಣಗಿದ್ದರೂ ಹೊಟ್ಟೆ ಮಾತ್ರ ಮುಂದೆ ಬಂದಿದೆ. ಸ್ಪ್ರಿಂಗ್ ಇರುವ ಆಸನದ ಮೇಲೆ ಕುಳಿತು ಹಿಂದಕ್ಕೂ ಮುಂದಕ್ಕೂ ಬಾಗುವ ಯಂತ್ರವೊಂದನ್ನು ಟಿ.ವಿ.ಯಲ್ಲಿ ನೋಡಿದೆ, ಬೆಲೆ ಸುಮಾರು 6,000 ರೂಪಾಯಿ. ಎರಡು ವರ್ಷದ ಹಿಂದೆ ಎರಡನೆಯ ಹೆರಿಗೆಯಾದ ನನ್ನ ಪತ್ನಿ, ಸೊಂಟಕ್ಕೆ ಕಟ್ಟಿಕೊಳ್ಳುವ ಕಂಪನದ ಬೆಲ್ಟ್ ಸಾಕು ಎನ್ನುತ್ತಾರೆ. ನನಗೆ ಆಗಾಗ ಸೊಂಟನೋವು ಬರುತ್ತದೆ. ಯಾವುದನ್ನು ಕೊಳ್ಳುವುದು ಸೂಕ್ತ?
– ಓದುಗರೊಬ್ಬರು, ಹಾಸನ

ಉತ್ತರ: ಸದ್ಯಕ್ಕೆ ಎರಡನ್ನೂ ಕೊಳ್ಳಬೇಡಿ. ನೀವು ಕಳೆದುಕೊಳ್ಳಬೇಕೆಂದಿರುವುದು ಕೊಬ್ಬನ್ನು. ಯಂತ್ರ ಹೆಚ್ಚೆಂದರೆ ಬಲಪಡಿಸಬಲ್ಲದ್ದು ಆ ಕೊಬ್ಬಿನ ಅಡಿಯಲ್ಲಿರುವ ಸ್ನಾಯುವನ್ನು.

ಹೊಟ್ಟೆಯ ಸ್ನಾಯು ದುಡಿಯುವಾಗ ತನಗೆ ಬೇಕಾದ ಇಂಧನವನ್ನು ಪಕ್ಕದ ಕೊಬ್ಬಿನಿಂದಲೇ ನೇರವಾಗಿ ಎಳೆದುಕೊಳ್ಳುವುದಿಲ್ಲ. ಅದು ರಕ್ತದ ಮೂಲಕ ಬರುತ್ತದೆ, ರಕ್ತಕ್ಕೆ ಇಡೀ ದೇಹದ ಸಂಗ್ರಹದಿಂದ ಬರುತ್ತದೆ. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ವಾರಕ್ಕೆ ಐದು ದಿನದಂತೆ ಆರು ವಾರ ಹೊಟ್ಟೆಯ ವ್ಯಾಯಾಮಗಳನ್ನೇ ಮಾಡಿದವರ ಸ್ನಾಯುಗಳ ತಾಳಿಕೆ ಹೆಚ್ಚಿತು, ಆದರೆ ಹೊಟ್ಟೆಯ ಕೊಬ್ಬಾಗಲೀ ಸುತ್ತಳತೆಯಾಗಲೀ ಇಳಿಯಲಿಲ್ಲ. ಭಾಗವಹಿಸಿದವರು 24 ಮಂದಿ ಮಾತ್ರ, ಅದು ಚಿಕ್ಕ ಅಧ್ಯಯನವೇ. ಆದರೂ ಶರೀರಶಾಸ್ತ್ರ ಹೇಳುವುದಕ್ಕೆ ಅದರ ಫಲಿತಾಂಶ ಹೊಂದಿಕೊಳ್ಳುತ್ತದೆ.

ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಬೆಳೆಯುವುದು ಭಾರತೀಯರಲ್ಲಿ ಬಹಳ ಸಾಮಾನ್ಯ. ಪುಣೆಯ ವೈದ್ಯ ವಿಜ್ಞಾನಿ ಚಿತ್ತರಂಜನ್ ಯಾಜ್ಞಿಕ್ ಅವರು ಈ ದೇಹಪ್ರಕೃತಿಯನ್ನೂ ಮಧುಮೇಹಕ್ಕೂ ಅದಕ್ಕೂ ಇರುವ ನಂಟನ್ನೂ ದಶಕಗಳಿಂದ ಅಭ್ಯಸಿಸುತ್ತ ಬಂದಿದ್ದಾರೆ. ನಮ್ಮವರಿಗೆ ಸುತ್ತಳತೆಯ ಮಿತಿ ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ನೀವು ಅದನ್ನು ದಾಟಿದ್ದೀರಿ. ನಿಮ್ಮ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) ಸುಮಾರು 27.6, ಭಾರತೀಯರಿಗೆ 25ರಿಂದಲೇ ಬೊಜ್ಜೆಂದು ಪರಿಗಣಿಸುತ್ತಾರೆ. ಆದ್ದರಿಂದ ಯಂತ್ರಕ್ಕೆ ಮೊದಲು ಸಕ್ಕರೆ, ರಕ್ತದೊತ್ತಡ ಮತ್ತು ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿಕೊಳ್ಳಿ.

ಇನ್ನು ಸ್ಪ್ರಿಂಗಿನ ಯಂತ್ರ. ಹಿಂದಕ್ಕೆ ಬಾಗಿದ ಬೆನ್ನನ್ನು ಮೇಲೇಳುವಾಗ ಸ್ಪ್ರಿಂಗ್ ತಳ್ಳಿಕೊಟ್ಟಷ್ಟೂ ಹೊಟ್ಟೆಯ ಸ್ನಾಯುವಿನ ಪಾಲಿನ ಕೆಲಸ ಕಡಿಮೆಯಾಗುತ್ತದೆ. ಸಲೀಸಾಗಿ ಐವತ್ತು ಸಲ ಎದ್ದೆನೆಂಬ ಸಂತೋಷಕ್ಕೆ ಅರ್ಧ ಕಾರಣ ಅದೇ. 2001ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 13 ಬಗೆಯ ಹೊಟ್ಟೆ ವ್ಯಾಯಾಮಗಳ ವೇಳೆ ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಅಳೆದಾಗ ಮುಂದೆ ಬಂದದ್ದು, ಮಲಗಿಕೊಂಡು ಸೈಕಲ್ ತುಳಿದಂತೆ ಕಾಲಾಡಿಸುವ, ಒಂದು ಪೈಸೆಯೂ ಬೇಡದ ವ್ಯಾಯಾಮ. ಮಾರಾಟದಲ್ಲಿದ್ದ ಕೆಲವು ಸಾಧನಗಳು ಅಂಗಾತ ಮಲಗಿ ತಲೆ ಮತ್ತು ಭುಜವನ್ನೆತ್ತುವ ಸಾಧಾರಣ ಕ್ರಂಚಿಗಿಂತ ಹೆಚ್ಚಿನದ್ದೇನನ್ನೂ ಕೊಡಲಿಲ್ಲ. ಜಾಹೀರಾತುಗಳ ವಿಷಯಕ್ಕೆ ಬಂದರೆ, ಮೂರು ನಿಮಿಷ ಬಳಸಿದರೆ ನೂರು ಸಿಟ್-ಅಪ್‌ಗೆ ಸಮ, ಎರಡು ವಾರದಲ್ಲಿ ನಾಲ್ಕೂವರೆ ಕೆ.ಜಿ. ಇಳಿಕೆ ಎಂದು ಸಾರಿದ ‘ಆ್ಯಬ್ ಸರ್ಕಲ್ ಪ್ರೊ’ ಎಂಬ ಸಾಧನದ ಮಾರಾಟಗಾರರು ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ಪ್ರಕರಣದಲ್ಲಿ 2012ರಲ್ಲಿ ರಾಜಿಯಾಗಿ, ಗ್ರಾಹಕರಿಗೆ 2.5 ಕೋಟಿ ಡಾಲರ್‌ವರೆಗೆ ಹಿಂದಿರುಗಿಸಲು ಒಪ್ಪಬೇಕಾಯಿತು.

ಸೊಂಟನೋವಿರುವ ನಿಮಗೆ ಇದರಲ್ಲಿ ಇನ್ನೊಂದು ತೊಡಕಿದೆ. ಬೆನ್ನುಮೂಳೆಯನ್ನು ಪದೇ ಪದೇ ಬಾಗಿಸುವುದರಿಂದ ಕಶೇರುಗಳ ನಡುವಿನ ಡಿಸ್ಕ್‌ಗಳ ಮೇಲೆ ಒತ್ತಡ ಬೀಳುತ್ತದೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನುಮೂಳೆಯನ್ನು ಅಧ್ಯಯನ ಮಾಡಿದ ಸ್ಟುವರ್ಟ್ ಮೆಕ್‌ಗಿಲ್ ಇಂಥವರಿಗೆ ಸೂಚಿಸುವುದು ಮೂರು ವ್ಯಾಯಾಮಗಳನ್ನು: ಅಂಗಾತ ಮಲಗಿ ಸೊಂಟದ ಕೆಳಗೆ ಅಂಗೈಯಿಟ್ಟು ತಲೆ ಮತ್ತು ಭುಜವನ್ನಷ್ಟೇ ತುಸು ಎತ್ತುವುದು, ಒಂದು ಪಕ್ಕಕ್ಕೆ ಮಲಗಿ ಮೊಣಕೈ ಊರಿ ಸೊಂಟವನ್ನು ಎತ್ತಿಹಿಡಿಯುವುದು, ಅಂಬೆಗಾಲಿನ ಭಂಗಿಯಲ್ಲಿ ಒಂದು ಕೈಯನ್ನೂ ಅದರ ಎದುರು ಬದಿಯ ಕಾಲನ್ನೂ ನೀಳವಾಗಿ ಚಾಚುವುದು. ಇದಕ್ಕೆ ಬೇಕಾದದ್ದು ಚಾಪೆಯೊಂದೇ. ಆದರೆ ನೋವು ಕಾಲಿಗಿಳಿಯುತ್ತಿದ್ದರೆ ಅಥವಾ ಪಾದ ಜೋಮು ಹಿಡಿಯುತ್ತಿದ್ದರೆ ವೈದ್ಯರಿಗೆ ತೋರಿಸದೆ ಇದನ್ನೂ ಆರಂಭಿಸಬೇಡಿ.

ಕಂಪನದ ಬೆಲ್ಟ್ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ: ಅಲುಗಾಡಿಸಿದರೆ ಕೊಬ್ಬು ಕರಗದು. ಬೆವರಿಸುವ ಬೆಲ್ಟಿನಿಂದ ಇಳಿಯುವುದು ನೀರಿನ ತೂಕ, ಎರಡು ಲೋಟ ನೀರು ಕುಡಿದರೆ ಮರಳಿ ಬರುತ್ತದೆ. ವಿದ್ಯುತ್ ಮಿಡಿತ ಕೊಡುವ ಬೆಲ್ಟುಗಳು ಸ್ನಾಯುವನ್ನು ಸ್ವಲ್ಪ ಬಲಪಡಿಸಬಲ್ಲವಾದರೂ ತೂಕ ಇಳಿಸುವುದಿಲ್ಲ. ಪೇಸ್‌ಮೇಕರ್ ಇದ್ದವರೂ ಗರ್ಭಿಣಿಯರೂ ಅವುಗಳಿಂದ ದೂರವಿರಬೇಕು.

ನಿಮ್ಮ ಪತ್ನಿಯ ವಿಷಯವನ್ನು ಬೇರೆಯಾಗಿಯೇ ನೋಡಬೇಕು. ಹೆರಿಗೆಯ ನಂತರ ಹೊಟ್ಟೆ ಉಬ್ಬಿಕೊಂಡಿರುವುದಕ್ಕೆ ಕೊಬ್ಬಿನ ಬದಲು, ಗರ್ಭಿಣಿಯಾಗಿದ್ದಾಗ ದೂರ ಸರಿದ ಹೊಟ್ಟೆಯ ಎಡಬಲದ ಸ್ನಾಯುಗಳು ಮತ್ತೆ ಹತ್ತಿರ ಬಾರದಿರುವುದೂ ಕಾರಣವಾಗಿರಬಹುದು. ಅಂಗಾತ ಮಲಗಿ, ಮಂಡಿ ಮಡಚಿ, ತಲೆಯನ್ನಷ್ಟೇ ಎತ್ತಿ ಹೊಕ್ಕುಳಿನ ಮೇಲೂ ಕೆಳಗೂ ಬೆರಳಿಟ್ಟು ನೋಡಲಿ. ನಡುವೆ ಎರಡು ಬೆರಳಿಗಿಂತ ಹೆಚ್ಚು ಅಗಲದ ಸಂದು ತೋರಿದರೆ ಅಥವಾ ಮಧ್ಯದಲ್ಲಿ ದಿಂಡಿನಂತೆ ಉಬ್ಬಿದರೆ ಸಿಟ್-ಅಪ್, ಯಂತ್ರ ಎಲ್ಲವನ್ನೂ ಬಿಟ್ಟು ಫಿಸಿಯೊಥೆರಪಿಸ್ಟ್ ಅವರನ್ನು ಕಾಣಲಿ. ಸಿಸೇರಿಯನ್ ಆಗಿದ್ದು, ಗಾಯದ ಬಳಿ ಗಂಟು ಕಾಣಿಸಿದರೆ ಹರ್ನಿಯಾ ಇಲ್ಲವೆಂದು ಶಸ್ತ್ರವೈದ್ಯರಿಂದ ಖಚಿತಪಡಿಸಿಕೊಳ್ಳಬೇಕು.

ಸುತ್ತಳತೆ ಇಳಿಯುವುದು ಊಟ ಮತ್ತು ನಡಿಗೆಯಿಂದ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಿರಿ. ಎರಡನೆಯ ಸಲ ಬಡಿಸಿಕೊಳ್ಳುವ ಅನ್ನದ ಜಾಗಕ್ಕೆ ಪಲ್ಯ, ಕಾಳು, ಮಜ್ಜಿಗೆ ಬರಲಿ. ಕೌಂಟರಿನಲ್ಲಿ ಕುಳಿತಲ್ಲಿಗೇ ಬರುವ ಸಕ್ಕರೆ ಹಾಕಿದ ಚಹಾ ಮತ್ತು ಬಿಸ್ಕತ್ತನ್ನು ಲೆಕ್ಕಕ್ಕೆ ಹಿಡಿಯಿರಿ. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ, ಉಸಿರು ಬಿಟ್ಟಾದ ಮೇಲೆ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಹಿಡಿದು ಅಳೆದು ಬರೆದಿಡಿ.

ಮೂರು ತಿಂಗಳು ಇದನ್ನು ತಪ್ಪದೆ ನಡೆಸಿ, ನೋವಿಲ್ಲದೆ ಪ್ಲ್ಯಾಂಕ್ ಭಂಗಿಯಲ್ಲಿ (ಮೊಣಕೈ ಮತ್ತು ಕಾಲ್ಬೆರಳುಗಳನ್ನೂರಿ ಮೈಯನ್ನು ನೇರವಾಗಿ ಎತ್ತಿಹಿಡಿದು) ಒಂದು ನಿಮಿಷ ನಿಲ್ಲುವಂತಾದಾಗಲೂ ಏನಾದರೂ ಕೊಳ್ಳಬೇಕೆನಿಸಿದರೆ, ಕೆಲವು ನೂರು ರೂಪಾಯಿಗೆ ಸಿಗುವ, ಎರಡು ಕಡೆ ಹಿಡಿಯಿರುವ ಆ್ಯಬ್ ವೀಲ್ ಎಂಬ ಚಕ್ರವನ್ನು ಕೊಳ್ಳಿ. ಅದು ನಿಜವಾಗಿಯೂ ಸ್ನಾಯುವನ್ನು ದುಡಿಸುತ್ತದೆ. ಮಂಡಿಯೂರಿ, ಗೋಡೆಯ ಎದುರು, ಸ್ವಲ್ಪ ದೂರವಷ್ಟೇ ಉರುಳಿಸಿ ಆರಂಭಿಸಬೇಕು. ದೊಡ್ಡ ಯಂತ್ರವೇ ಬೇಕೆಂಬ ಹಟವಿದ್ದರೆ ಬಳಸಿದ ವಸ್ತುಗಳನ್ನು ಮಾರುವ ಆ್ಯಪ್‌ಗಳಲ್ಲಿ ಹುಡುಕಿ. ‘ಹೆಚ್ಚು ಬಳಸಿಲ್ಲ’ ಎಂಬ ಒಕ್ಕಣೆಯೊಂದಿಗೆ ಕಡಿಮೆ ಬೆಲೆಗೆ ಸಿಗುವ ಸಂಭವವಿದೆ. ಹೊಸದನ್ನೇ ತರಿಸುವುದಾದರೆ ಹಿಂದಿರುಗಿಸುವ ಷರತ್ತನ್ನು ಓದಿ, ಬಿಲ್ಲನ್ನು ಜೋಪಾನವಾಗಿಡಿ. ಜಾಹೀರಾತಿನ ಮಾತಿಗೂ ವಸ್ತುವಿಗೂ ತಾಳೆಯಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.