ಬಿದ್ದ ಚುಕ್ಕಿ ಹೋಗುವುದಿಲ್ಲ, ಸುಳಿ ನೋಡಿ: ಅಡಿಕೆ ಎಲೆಚುಕ್ಕಿ ರೋಗದ ಪ್ರಶ್ನೆಗಳಿಗೆ ಉತ್ತರ

ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ. ಆದರೂ ಮಳೆ ಹಿಡಿದು ತಿಂಗಳಾಗುವಷ್ಟರಲ್ಲಿ ಮತ್ತೆ ಅವೇ ಪ್ರಶ್ನೆಗಳು ಬರುತ್ತವೆ; ತಾಲ್ಲೂಕು ಮಾತ್ರ ಬದಲಾಗಿರುತ್ತದೆ. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಮಾಡುವುದು ಹೇಗೆ, ಹಸಿಕಾಯಿ ಕೊಳೆತು ಉದುರುವ ಕೊಳೆರೋಗವೆಂದರೆ ಏನು ಎಂಬುದನ್ನೆಲ್ಲ ತೋಟದವರಿಗೆ ನಾನು ಹೇಳಿಕೊಡಬೇಕಾಗಿಲ್ಲವೆಂದುಕೊಂಡು ನೇರವಾಗಿ ಪ್ರಶ್ನೆಗಳಿಗೆ ಬರುತ್ತೇನೆ.

ನಮ್ಮದು ಮೂರು ಎಕರೆ ತೋಟ. ಜುಲೈನಿಂದ ಈಚೆಗೆ ಮೂರು ಸಲ ಮೂರು ಬೇರೆ ಬೇರೆ ಔಷಧಿ ಹೊಡೆಸಿದೆವು: ಮೊದಲು ಪ್ರೊಪಿಕೊನಜೋಲ್, ಆಮೇಲೆ ಹೆಕ್ಸಾಕೊನಜೋಲ್, ಕೊನೆಗೆ ಟೆಬುಕೊನಜೋಲ್. ಒಂದು ಚುಕ್ಕಿಯೂ ಹೋಗಲಿಲ್ಲ. ಇದಕ್ಕಿಂತ ಜೋರಾದ ಔಷಧಿ ಯಾವುದಿದೆ? (ಹೊಸನಗರ ತಾಲ್ಲೂಕಿನ ಓದುಗರು)

ಚುಕ್ಕಿ ಹೋಗುವುದಿಲ್ಲ. ಜಗತ್ತಿನ ಯಾವ ಔಷಧಿಯೂ ಸತ್ತ ಎಲೆಯ ಭಾಗವನ್ನು ಮತ್ತೆ ಹಸಿರು ಮಾಡಲಾರದು. ಸೋಗೆಯ (ಅಡಿಕೆ ಮರದ ಉದ್ದನೆಯ ಎಲೆ) ಒಂದು ಗರಿಯನ್ನು ಕಿತ್ತು ಬೆಳಕಿಗೆ ಹಿಡಿದು ನೋಡಿ: ನಡುವೆ ಕಂದು ಬಣ್ಣದ ಒಣಗಿದ ಚುಕ್ಕಿ, ಅದರ ಸುತ್ತ ಹಳದಿ ಬಳೆ. ಆ ಕಂದು ಭಾಗ ಸತ್ತುಹೋಗಿದೆ. ಹಳದಿ ಬಳೆಯಿರುವ ಕಡೆ ಶಿಲೀಂಧ್ರ ಇನ್ನೂ ಮುಂದುವರಿಯುತ್ತಿದೆ. ಔಷಧಿಯ ಕೆಲಸವೇನಿದ್ದರೂ ಆ ಬಳೆ ದೊಡ್ಡದಾಗದಂತೆ, ಅಲ್ಲಿಂದ ಹೊರಟ ಬೀಜಕಣಗಳು ಮೇಲಿನ ಸೋಗೆಯಲ್ಲಿ ಮೊಳೆಯದಂತೆ ತಡೆಯುವುದು. ಆದ್ದರಿಂದ ಸಿಂಪಡಣೆ ಫಲಿಸಿದೆಯೋ ಇಲ್ಲವೋ ಎಂಬುದನ್ನು ಕೆಳಗಿನ ಸೋಗೆ ನೋಡಿ ತೀರ್ಮಾನಿಸಬೇಡಿ. ಸಿಂಪಡಿಸಿದ ದಿನ ತೋಟದ ಬೇರೆ ಬೇರೆ ಮೂಲೆಗಳಲ್ಲಿ ಹತ್ತು ಮರಗಳನ್ನು ಆರಿಸಿ ಬುಡಕ್ಕೆ ಬಣ್ಣ ಹಚ್ಚಿ, ಆ ಮರಗಳ ಸುಳಿ (ತುದಿಯಲ್ಲಿ ಇನ್ನೂ ಬಿಚ್ಚಿಕೊಳ್ಳದ ಎಳೆ ಸೋಗೆ) ಯಾವ ಸ್ಥಿತಿಯಲ್ಲಿದೆ ಎಂದು ಬರೆದಿಟ್ಟುಕೊಳ್ಳಿ. ಅಡಿಕೆ ಮರ ವರ್ಷಕ್ಕೆ ಸುಮಾರು ಏಳು ಸೋಗೆ ಬಿಡುತ್ತದೆ, ಅಂದರೆ ಹೆಚ್ಚುಕಡಿಮೆ ಐವತ್ತು ದಿನಕ್ಕೊಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಒಂದು ಮರದಲ್ಲಿ ಬಿಚ್ಚಿಕೊಳ್ಳುವುದು ಎರಡು ಅಥವಾ ಮೂರು ಸೋಗೆ. ಆ ಎರಡು ಮೂರು ಸೋಗೆ ಶುದ್ಧವಾಗಿದ್ದರೆ ನೀವು ಗೆದ್ದಿದ್ದೀರಿ, ಕೆಳಗೆ ಎಷ್ಟೇ ಚುಕ್ಕಿಯಿರಲಿ.

ಇನ್ನು ನಿಮ್ಮ ಮೂರು ಬೇರೆ ಬೇರೆ ಔಷಧಿಗಳ ವಿಷಯ. ಅವು ಬೇರೆ ಬೇರೆಯಲ್ಲ. ಮೂರೂ ಟ್ರಯಜೋಲ್ ಎಂಬ ಒಂದೇ ಗುಂಪಿಗೆ ಸೇರಿದವು. ಶಿಲೀಂಧ್ರವನ್ನು ಒಂದೇ ಜಾಗದಲ್ಲಿ, ಒಂದೇ ರೀತಿಯಲ್ಲಿ ಹೊಡೆಯುತ್ತವೆ. ಡಬ್ಬಿಯ ಬಣ್ಣ ಬದಲಾಯಿತೇ ಹೊರತು ಔಷಧಿ ಬದಲಾಗಲಿಲ್ಲ. ಹೀಗೆ ಒಂದೇ ಗುಂಪನ್ನು ಮತ್ತೆ ಮತ್ತೆ ಬಳಸಿದರೆ ಅದಕ್ಕೆ ಬಗ್ಗದ ಶಿಲೀಂಧ್ರವನ್ನು ನಾವೇ ಸಾಕಿದಂತೆ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕೊಳೆರೋಗ ತರುವ ಫೈಟಾಫ್ತೊರ ನಿಜವಾದ ಶಿಲೀಂಧ್ರಗಳ ಕುಲಕ್ಕೆ ಸೇರಿದ್ದಲ್ಲವಾದ್ದರಿಂದ ಟ್ರಯಜೋಲ್ ಅದಕ್ಕೆ ತಾಗುವುದೇ ಇಲ್ಲ. ಒಂದು ವರ್ಷ ಆಗುಂಬೆ ಕಡೆಯ ತೋಟವೊಂದಕ್ಕೆ ಹೋಗಿದ್ದೆ. ಎಲೆಚುಕ್ಕಿಯ ಭಯದಲ್ಲಿ ಬೋರ್ಡೋ ಬಿಟ್ಟು ಇಡೀ ಮಳೆಗಾಲ ಟ್ರಯಜೋಲನ್ನೇ ಹೊಡೆಸಿದ್ದರು. ಸೋಗೆ ಪರವಾಗಿಲ್ಲ ಎನ್ನುವಂತಿತ್ತು, ಆದರೆ ಮರದ ಬುಡದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಹಸಿಕಾಯಿ ಕೊಳೆತು ಉದುರಿತ್ತು. ಯಜಮಾನರು ಮಾತನಾಡಲಿಲ್ಲ, ನಾನೂ ಆಡಲಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆ, ಮೇ ಕೊನೆಯ ಹೊತ್ತಿಗೆ, ಶೇಕಡಾ 1ರ ಬೋರ್ಡೋ ದ್ರಾವಣದಿಂದಲೇ ಆಗಬೇಕು. “ಅದನ್ನು ಪ್ರತಿವರ್ಷ ಮಾಡುತ್ತೇವಲ್ಲ” ಎನ್ನುತ್ತೀರಿ. ಮಾಡುತ್ತೀರಿ, ಗೊನೆಗೆ ಮಾತ್ರ. ಸಸ್ಯರೋಗ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನದಲ್ಲಿ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿ, ಮಳೆ ತಾಗದಂತೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದ ನಮ್ಮವರ ಕೈಗೆ ಬೋರ್ಡೋ ಕೊಟ್ಟರು. ಅಂದಿನಿಂದ ಮರ ಹತ್ತುವ ಕೊನೆಗೌಡರ ಕೈ ಪಳಗಿರುವುದು ಗೊನೆಯನ್ನು ತೋಯಿಸುವುದಕ್ಕೆ, ಸೋಗೆಗೆ ಬೀಳುವುದು ಚೆಲ್ಲಿದ್ದು ಮಾತ್ರ. ಎಲೆಚುಕ್ಕಿಗೆ ಅದು ಸಾಲದು. ಸೋಗೆಯ ಮೇಲ್ಭಾಗಕ್ಕೂ ಕೆಳಭಾಗಕ್ಕೂ ದ್ರಾವಣ ತಾಗಬೇಕು, ಅಂಟು ಸೇರಿರಬೇಕು, ಸಿಂಪಡಿಸಿದ ಮೇಲೆ ಒಣಗಲು ಕೆಲವು ಗಂಟೆ ಬಿಸಿಲೋ ಗಾಳಿಯೋ ಸಿಗಬೇಕು. ಇದಕ್ಕೆ ಮಾಮೂಲಿಗಿಂತ ಹೆಚ್ಚು ದ್ರಾವಣವೂ ಹೆಚ್ಚು ಕೂಲಿಯೂ ಹಿಡಿಯುತ್ತವೆ, ಅದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ದ್ರಾವಣದ ವಿಷಯದಲ್ಲಿ ಒಂದೇ ಮಾತು: ಕಳೆದ ವರ್ಷದ, ಗಾಳಿಗೆ ಪುಡಿಯಾದ ಸುಣ್ಣವನ್ನು ಮೈಲುತುತ್ತಕ್ಕೆ ಸಮತೂಕ ಹಾಕಿ ಸರಿಯಾಯಿತು ಎಂದುಕೊಳ್ಳಬೇಡಿ. ಉಜ್ಜಿ ಹೊಳಪು ಬರಿಸಿದ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ನೋಡಿ. ಕೆಂಪು ಲೇಪ ಕಂಡರೆ ಇನ್ನೂ ಸುಣ್ಣ ಬೇಕು.

ಎರಡನೆಯದು, ಮಳೆ ನಡುವೆ ಬಿಡುವು ಕೊಟ್ಟಾಗ, ಹೊಸ ಸೋಗೆಯಲ್ಲಿ ಚುಕ್ಕಿ ಕಂಡಿದ್ದರೆ ಮಾತ್ರ, ಪ್ರೊಪಿಕೊನಜೋಲ್ 25 ಇ.ಸಿ. (ಶೇಕಡಾ 25 ಔಷಧಿಯಿರುವ, ನೀರಿಗೆ ಬೆರೆಸುವ ದ್ರವ) ಲೀಟರಿಗೆ 1 ಮಿಲಿಲೀಟರ್. ಒಂದು ಎಂದರೆ ಒಂದೇ. ಎರಡು ಹಾಕಿದರೆ ಎರಡು ಪಟ್ಟು ಗುಣವಾಗುವುದಿಲ್ಲ. ಟ್ರಯಜೋಲ್‌ಗಳಿಗೆ ಬೆಳವಣಿಗೆಯನ್ನು ಕುಗ್ಗಿಸುವ ಗುಣವೂ ಇರುವುದರಿಂದ ಸುಳಿ ಗಿಡ್ಡವಾದೀತು. ಅದರ ಮುಂದಿನದು ಮತ್ತೆ ಬೋರ್ಡೋ. ಇವೆರಡನ್ನು ಒಂದೇ ಡ್ರಮ್ಮಿನಲ್ಲಿ ಬೆರೆಸಿ ಒಂದೇ ಕೂಲಿಯಲ್ಲಿ ಮುಗಿಸುವ ಜಾಣತನ ಬೇಡ, ಬೋರ್ಡೋವಿನ ಜೊತೆ ಯಾವುದನ್ನೂ ಬೆರೆಸಬಾರದು. ವಿಟ್ಲದಲ್ಲಿರುವ ತೋಟಬೆಳೆ ಸಂಶೋಧನಾ ಕೇಂದ್ರದವರಾಗಲಿ ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯದವರಾಗಲಿ ಹೇಳುವುದು ಬಹುಮಟ್ಟಿಗೆ ಇದನ್ನೇ. ಗುಟ್ಟಿನ ಔಷಧಿ ಯಾರ ಬಳಿಯೂ ಇಲ್ಲ.

ನೀವು ಕೇಳದೆ ಬಿಟ್ಟ ಪ್ರಶ್ನೆಯೇ ನನ್ನ ಪ್ರಕಾರ ಮುಖ್ಯವಾದದ್ದು: ರೋಗ ಎಲ್ಲಿ ಬೇಸಿಗೆ ಕಳೆಯುತ್ತದೆ? ಮರದಲ್ಲೇ ಒಣಗಿ ಜೋತಾಡುವ ಸೋಗೆಯಲ್ಲಿ ಮತ್ತು ಬುಡದಲ್ಲಿ ಬಿದ್ದ ಸೋಗೆಯಲ್ಲಿ. ಈ ರೋಗದಲ್ಲಿ ಹೆಚ್ಚಾಗಿ ಕಾಣುವ ಕೊಲೆಟೋಟ್ರೈಕಮ್ ಶಿಲೀಂಧ್ರದ ಬೀಜಕಣಗಳು ಅಂಟಂಟಾಗಿರುತ್ತವೆ. ಮಳೆಹನಿ ಬಿದ್ದು ಸಿಡಿದಾಗ ಸೋಗೆಯಿಂದ ಸೋಗೆಗೆ, ಗಾಳಿಮಳೆಯಲ್ಲಿ ಮರದಿಂದ ಮರಕ್ಕೆ ಹಾರುತ್ತವೆ. ಬೇಕಿದ್ದರೆ ಕಣ್ಣಾರೆ ನೋಡಬಹುದು. ಚುಕ್ಕಿಯಿರುವ ಗರಿಯ ತುಂಡನ್ನು ಒದ್ದೆ ಕಾಗದದ ಮೇಲಿಟ್ಟು ಊಟದ ಡಬ್ಬಿಯಲ್ಲಿ ಮುಚ್ಚಿಡಿ. ಮೂರು ನಾಲ್ಕು ದಿನದಲ್ಲಿ ಚುಕ್ಕಿಯ ಮೇಲೆ ಸಾಸಿವೆಗಿಂತ ಸಣ್ಣದಾದ, ಗುಲಾಬಿ ಕಿತ್ತಳೆ ಬಣ್ಣದ ಲೋಳೆಯ ಹನಿಗಳು ಎದ್ದರೆ ಅವೇ ಬೀಜಕಣಗಳ ಮುದ್ದೆ. (ಆ ಡಬ್ಬಿಯನ್ನು ಮತ್ತೆ ಊಟಕ್ಕೆ ಬಳಸಬೇಡಿ ಎಂದು ಬರೆಯಬೇಕಾಗಿ ಬಂದಿದೆ, ಕ್ಷಮಿಸಿ.) ಏಪ್ರಿಲ್ ಮೇ ತಿಂಗಳಿನಲ್ಲಿ ಇಂಥ ಸೋಗೆಯನ್ನು ಹೊರಗೆ ಸಾಗಿಸಿ ಸುಡದೆ, ಮುಚ್ಚಿಗೆಯಾಗಿ ಬುಡಕ್ಕೇ ಹಾಕಿ, ಜುಲೈಯಲ್ಲಿ ಸಾವಿರಾರು ರೂಪಾಯಿ ಔಷಧಿ ಹೊಡೆಸುವುದು ತೂತು ಮಡಕೆಗೆ ನೀರು ಹೊಯ್ದ ಹಾಗೆ. ರೋಗ ಹೊಕ್ಕ ತೋಟದಲ್ಲಾದರೂ ಮುಚ್ಚಿಗೆಗೆ ಬೆಟ್ಟದ ಸೊಪ್ಪನ್ನು ಬಳಸಿ.

ಬಸಿಗಾಲುವೆ ಹೂಳು ತುಂಬಿ ನೀರು ನಿಂತ ತೋಟ, ವರ್ಷಗಟ್ಟಲೆ ಪೊಟ್ಯಾಷ್ ಕಾಣದ ತೋಟ ರೋಗಕ್ಕೆ ಬೇಗ ಸೋಲುತ್ತದೆ. ಫಸಲು ಕೊಡುವ ಮರಕ್ಕೆ ವರ್ಷಕ್ಕೆ ಸಾರಜನಕ 100, ರಂಜಕ 40, ಪೊಟ್ಯಾಷ್ 140 ಗ್ರಾಂ ಎಂಬ ಶಿಫಾರಸು ಹಳೆಯದು. ಅಂದರೆ ಯೂರಿಯಾ 220 ಗ್ರಾಂ, ಶಿಲಾರಂಜಕ 200 ಗ್ರಾಂ, ಮ್ಯೂರಿಯೇಟ್ ಆಫ್ ಪೊಟ್ಯಾಷ್ 235 ಗ್ರಾಂ. ನಮ್ಮಲ್ಲಿ ಯೂರಿಯಾ ಮಾತ್ರ ಧಾರಾಳವಾಗಿ ಬೀಳುತ್ತದೆ, ಏಕೆಂದರೆ ಅದು ಅಗ್ಗ.

ರೋಗ ಬಂದ ಸೋಗೆಯನ್ನೆಲ್ಲ ಕಡಿದು ಹಾಕಿದರೆ ಆಗದೇ? (ಕಳಸದ ಓದುಗರು)

ಆಗುವುದಿಲ್ಲ. ಮರದ ತಲೆಯಲ್ಲಿರುವುದೇ ಎಂಟು ಹತ್ತು ಸೋಗೆ. ಒಂದೊಂದು ಸೋಗೆಯ ಕಂಕುಳಲ್ಲಿ ಒಂದೊಂದು ಹಿಂಗಾರ ರೂಪುಗೊಳ್ಳುತ್ತಿರುತ್ತದೆ, ಅದಕ್ಕೆ ಆಹಾರ ಕೊಡುವುದು ಸೋಗೆ. ಐದಾರು ಕಡಿದರೆ ಈ ವರ್ಷದ ರೋಗದ ಜೊತೆಗೆ ಮುಂದಿನ ವರ್ಷದ ಫಸಲನ್ನೂ ಕಡಿದಂತೆ. ಅರ್ಧಕ್ಕಿಂತ ಹೆಚ್ಚು ಒಣಗಿದ ಕೆಳಗಿನ ಎರಡು, ಹೆಚ್ಚೆಂದರೆ ಮೂರನ್ನು ಮಳೆಗೆ ಮುಂಚೆ ತೆಗೆಸಿ. ಮಳೆಗಾಲದ ನಡುವೆ ಕಡಿಸಿ ಒದ್ದೆ ಸೋಗೆಯನ್ನು ತೋಟವಿಡೀ ಎಳೆದಾಡಿಸಬೇಡಿ.

ಇದು ಹಳದಿ ಎಲೆ ರೋಗವೇ? (ಶೃಂಗೇರಿ)

ಅಲ್ಲ. ಅದರಲ್ಲಿ ಗರಿ ತುದಿಯಿಂದ ಹಳದಿಯಾಗುತ್ತಾ ಬರುತ್ತದೆ, ಅದು ಶಿಲೀಂಧ್ರದಿಂದ ಬರುವುದಲ್ಲ, ಅದಕ್ಕೆ ಈ ಔಷಧಿಗಳಿಂದ ಏನೂ ಆಗದು.

ಮನೆಬಾಗಿಲಿಗೆ ಬಂದವರೊಬ್ಬರು ಜೈವಿಕ ದ್ರಾವಣವೆಂದು ಬಾಟಲಿ ಕೊಟ್ಟಿದ್ದಾರೆ. ಹದಿನೈದು ದಿನದಲ್ಲಿ ಚುಕ್ಕಿ ಮಾಯವಾಗುತ್ತದಂತೆ. ಬಳಸಬಹುದೇ? (ಸಿದ್ದಾಪುರ)

ಚುಕ್ಕಿ ಮಾಯವಾಗುತ್ತದೆ ಎಂದ ಕ್ಷಣವೇ ಆ ಮನುಷ್ಯನಿಗೆ ರೋಗದ ಗಂಧವಿಲ್ಲವೆಂದು ತಿಳಿಯಬೇಕಿತ್ತು. ಬಾಟಲಿಯ ಮೇಲೆ ಒಳಗಿನ ವಸ್ತುವಿನ ಹೆಸರು, ಪ್ರಮಾಣ, ನೋಂದಣಿ ಸಂಖ್ಯೆ, ತಯಾರಾದ ದಿನಾಂಕ ಇವೆಯೇ? ಇಲ್ಲದಿದ್ದರೆ ಅದು ಗೊಬ್ಬರಗುಂಡಿಗೂ ಬೇಡ. ಇಂಥ ಬಾಟಲಿಯೊಂದನ್ನು ಕೆಲವು ವರ್ಷಗಳ ಹಿಂದೆ ನನಗೆ ತೋರಿಸಿದಾಗ ಮುಚ್ಚಳ ತೆಗೆದರೆ ಬಂದದ್ದು ಬೆಲ್ಲ ಹುಳಿತ ವಾಸನೆ. ಮಜ್ಜಿಗೆ, ಗೋಮೂತ್ರ, ಜೀವಾಮೃತ ಹೊಡೆಯಬಹುದೇ ಎಂದು ಕೇಳಿದ ಉಳಿದ ಏಳು ಮಂದಿಗೂ ಉತ್ತರ ಇಲ್ಲಿಯೇ: ಹೊಡೆಯುವುದು ನಿಮ್ಮ ಇಷ್ಟ, ಆದರೆ ಬೋರ್ಡೋವಿನ ಬದಲಿಗೆ ಅಲ್ಲ.

ಡ್ರೋನ್‌ನಿಂದ ಹೊಡೆಸಬಹುದೇ? (ಸುಳ್ಯ)

ಸೋಗೆಯ ಕೆಳಭಾಗ ಒದ್ದೆಯಾಗಿದೆಯೇ ಎಂದು ಒಂದು ಮರ ಹತ್ತಿಸಿ ನೋಡಿ, ಆಮೇಲೆ ಹಣ ಕೊಡಿ. ನನಗಂತೂ ದೋಟಿ ಮತ್ತು ಪಂಪಿನ ಮೇಲೆಯೇ ಇನ್ನೂ ನಂಬಿಕೆ.

ಔಷಧಿಯನ್ನು ಬೇರಿನ ಮೂಲಕ ಕೊಟ್ಟರೆ ಕೂಲಿ ಉಳಿಯುತ್ತದಲ್ಲವೇ? (ತೀರ್ಥಹಳ್ಳಿ)

ಬೇಡ.

ಅಡಿಕೆ ಮರಕ್ಕೆ ಕಾಳುಮೆಣಸು ಮತ್ತು ವೀಳ್ಯದ ಬಳ್ಳಿ ಹಬ್ಬಿಸಿದ್ದೇವೆ. ಸಿಂಪಡಣೆಯಿಂದ ತೊಂದರೆಯಿದೆಯೇ? (ಶಿರಸಿ)

ಬೋರ್ಡೋ ಮೆಣಸಿನ ಬಳ್ಳಿಗೆ ಬಿದ್ದರೆ ಒಳ್ಳೆಯದೇ. ಕೊಲೆಟೋಟ್ರೈಕಮ್ ಮೆಣಸನ್ನೂ ಬಿಡುವುದಿಲ್ಲ. ವೀಳ್ಯದೆಲೆಯ ವಿಷಯದಲ್ಲಿ ನಾನು ಅತಿ ಎಚ್ಚರಿಕೆಯ ಮನುಷ್ಯನೆಂದು ಬೇಕಾದರೆ ನಗಿ. ಅದು ತೊಳೆದು ಬೇಯಿಸಿ ತಿನ್ನುವ ಸೊಪ್ಪಲ್ಲ, ಹಾಗೆಯೇ ಬಾಯಿಗೆ ಹೋಗುವ ಎಲೆ. ಟ್ರಯಜೋಲ್ ಹೊಡೆಸುವ ಮುಂಚೆ ಬೇಕಾದಷ್ಟು ಎಲೆ ಕೊಯ್ದಿಟ್ಟುಕೊಳ್ಳಿ. ಹೊಡೆಸಿದ ದಿನ ಬಳ್ಳಿಯ ಮೇಲಿದ್ದ ಎಲೆಯನ್ನು ನಮ್ಮ ಮನೆಯಲ್ಲಾದರೆ ದೇವರ ಮುಂದಿನ ತಟ್ಟೆಗೂ ಇಡಲು ಬಿಡುವುದಿಲ್ಲ, ಹೊಸ ಚಿಗುರು ಬಲಿತ ಮೇಲಷ್ಟೇ ಕೊಯ್ಲು. ಸಿಂಪಡಣೆಯ ನಂತರ ಉದುರಿದ ಹಾಳೆಯನ್ನು ದನಗಳಿಗೆ ಹೆಚ್ಚಿ ಹಾಕುವುದನ್ನೂ ಆ ಮಳೆಗಾಲದ ಮಟ್ಟಿಗೆ ನಿಲ್ಲಿಸಿ.