ಕಿರುಚಾಟದಲ್ಲಿ ಭಕ್ತಿ ಎಲ್ಲಿ?

ಪ್ರಶ್ನೆ: ಮಗ ಸದಾ ಫರೋವಾ ಸ್ಯಾಂಡರ್ಸ್‌ರ ಸ್ಯಾಕ್ಸೊಫೋನ್ ಹಾಕುತ್ತಾನೆ. ನನಗೆ ಬರೀ ಕಿರುಚಾಟ. ಇದು ಆಧ್ಯಾತ್ಮಿಕ ಜಾಝ್ ಹೇಗೆ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಕಿರುಚಾಟ ಹೌದು, ‘ಬರೀ’ ಅಲ್ಲ. 1969ರ ‘ಕರ್ಮ’ ಆಲ್ಬಮ್‌ನಿಂದ ಶುರು ಮಾಡಬೇಡಿ, ಮೊದಲ ರಚನೆಯೇ ಅರ್ಧ ಗಂಟೆ ದಾಟುತ್ತದೆ! 1994ರಲ್ಲಿ ಅವರು ಮೊರಾಕ್ಕೊದಲ್ಲಿ ಗ್ನಾವಾ ಗುರು ಮಹಮೂದ್ ಗನಿಯಾ ಜೊತೆ ನುಡಿಸಿದ್ದನ್ನು ಕೇಳಿ. ಗ್ನಾವಾಗಳು ಸಹಾರಾದ ದಕ್ಷಿಣದಿಂದ ಗುಲಾಮರಾಗಿ ಬಂದವರ ಸಂತತಿ. ರಾತ್ರಿಯಿಡೀ ನುಡಿಸಿ ಆವೇಶ ಬರಿಸುತ್ತಾರೆ. ಮೂರು ತಂತಿಯ ಗಿಂಬ್ರಿ ಒಂದೇ ನುಡಿಯನ್ನು ಬಿಡದೆ ಸುತ್ತುತ್ತದೆ, ಕಬ್ಬಿಣದ ತಾಳಗಳು ಲಯ ಹಿಡಿಯುತ್ತವೆ. ಸ್ಯಾಂಡರ್ಸ್ ಕೂಗುವುದು ಆ ಗಟ್ಟಿ ನೆಲದ ಮೇಲೆ ನಿಂತು. ನಮ್ಮ ಕೊಡಗಿನ ತೆರೆಯಲ್ಲಿ, ಅಂದರೆ ದೈವ ಮೈಮೇಲೆ ಬರುವ ಕೋಲದಲ್ಲಿ, ಚೆಂಡೆ ಏರಿದಾಗ ಬರುವ ಕೂಗನ್ನು ಯಾರಾದರೂ ಗದ್ದಲ ಅಂದಾರೆಯೇ?

ಅಂದಹಾಗೆ, ಫೋನಿನ ಸ್ಪೀಕರಿನಲ್ಲಿ ಗಿಂಬ್ರಿಯ ಮಂದ್ರ ಸರಿಯಾಗಿ ಕೇಳಿಸದು. ಮಗನ ಹೆಡ್‌ಫೋನ್ ಕಸಿದುಕೊಳ್ಳಿ.